ಪ್ಯಾಟರ್ನ್ ಬದಿಗಿಡು, ಟ್ರಂಕು ತೆಗೆ

ಧಾರವಾಡ
ಸೋಮವಾರ, ಸಂಜೆ

ಪ್ರೀತಿಯ ಸುಮಾಗೆ,

ನಿನ್ನ ಮೊಣಕಾಲಿನ ಸುದ್ದಿ ಕೇಳುವುದಿಲ್ಲ. ಕೇಳಿದರೆ ನೀನು ನನ್ನ ಬೀಪಿಯ ಸುದ್ದಿ ಕೇಳುತ್ತೀ, ಹಾಳೆ ಅಲ್ಲೇ ತುಂಬುತ್ತದೆ. ಇದು ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ. ಲೆಕ್ಕ ಇದೆ, ಅದಕ್ಕೇ ಪತ್ರ.

ನೀನು ದುಡ್ಡು ಕೊಟ್ಟು ತರಿಸಿದ ಪ್ಯಾಟರ್ನಿನ ಫೋಟೋ ಎಲ್ಲ ನೋಡಿದೆ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮೊಮ್ಮಗು ಬರುವುದರೊಳಗೆ ಮುಗಿಸಬೇಕಾದ ಕೌದಿಗೆ ಇಷ್ಟು ಬಣ್ಣದ ಹೊಸ ಬಟ್ಟೆ ಹುಡುಕುತ್ತ ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದೇನೆ ಅಂದೆಯಲ್ಲ, ಅಲ್ಲಿ ನನಗೆ ನಗು ಬಂತು. ‘ಫ್ಯಾಟ್ ಕ್ವಾರ್ಟರ್’ ಅಂದರೆ ಏನು ಅಂತ ಕೇಳಿದ್ದೀ. ಅಮೆರಿಕದಲ್ಲಿ ಕೌದಿಗೆ ಮಾರುವ ಹತ್ತಿ ಬಟ್ಟೆಯ ಪನ್ನ ಸುಮಾರು 44 ಇಂಚು. ಒಂದು ಗಜವನ್ನು ಉದ್ದಕ್ಕೂ ಅಗಲಕ್ಕೂ ಅರ್ಧ ಮಾಡಿದರೆ ಸಿಗುವ 18 ಇಂಚಿಗೆ 22 ಇಂಚಿನ ತುಂಡು ಅದು. ಅಷ್ಟೇ. ಆ ಪ್ಯಾಟರ್ನು ಬರೆದವರು ನಿನ್ನ ಹತ್ತಿರ ಏನೂ ಇಲ್ಲ, ಎಲ್ಲ ಕೊಂಡು ತರುತ್ತೀ ಅಂತ ಅಂದುಕೊಂಡೇ ಬರೆದಿದ್ದಾರೆ. ನಿನ್ನ ಹತ್ತಿರವೋ, ಅವ್ವನ ಹಸಿರು ಇಳಕಲ್ ಸೀರೆ ಇದೆ, ಅಪ್ಪನ ಧೋತರಗಳಿವೆ, ನೀನು ಬ್ಯಾಂಕಿಗೆ ಉಟ್ಟು ಹೋಗುತ್ತಿದ್ದ ಗಂಜಿ ಹಾಕಿದ ಕಾಟನ್ ಸೀರೆಗಳು ಒಂದು ಗಂಟು ಇವೆ. ಅಷ್ಟಿದ್ದೂ ಅಂಗಡಿ ಸುತ್ತುತ್ತೀ.

ಅಚ್ಚಾದ ಪ್ಯಾಟರ್ನು ಇಲ್ಲದೆ ಕೌದಿ ಆಗುವುದಿಲ್ಲ ಅನ್ನುವ ಭಯ ಆ ದೇಶದಲ್ಲೂ ಮೊದಲು ಇರಲಿಲ್ಲ. ಒಬ್ಬಳ ಮನೆಯ ಕೌದಿ ನೋಡಿ ಇನ್ನೊಬ್ಬಳು ಕಣ್ಣಳತೆಯಲ್ಲಿ ಹೊಲಿಯುತ್ತಿದ್ದಳು. ಆಮೇಲೆ ಪತ್ರಿಕೆಗಳು ಬಂದವು. ‘ಕಾನ್ಸಾಸ್ ಸಿಟಿ ಸ್ಟಾರ್’ ಅನ್ನುವ ದಿನಪತ್ರಿಕೆ 1928ರಿಂದ 1961ರ ತನಕ ಕೌದಿಯ ನಮೂನೆಗಳನ್ನು ಅಚ್ಚು ಹಾಕಿತು. ಹೆಂಗಸರು ಕತ್ತರಿಸಿ ಡಬ್ಬಿಯಲ್ಲಿ ಕೂಡಿಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ನಾವೂ ರಂಗೋಲಿ ಪುಸ್ತಕ ಕೊಂಡವರೇ. ಆದರೆ ರಂಗೋಲಿ ಪುಸ್ತಕ ನೋಡದೆ ಅಂಗಳಕ್ಕೆ ಇಳಿಯಲಾರೆ ಅಂತ ಒಬ್ಬಳು ಹೇಳಿದರೆ ಅವ್ವ ಏನೆನ್ನುತ್ತಿದ್ದಳು, ಯೋಚಿಸು.

ನನ್ನ ಹತ್ತಿರ ಜೀಸ್ ಬೆಂಡ್ ಕೌದಿಗಳ ಒಂದು ದಪ್ಪ ಪುಸ್ತಕ ಇದೆ, ನೀನು ಬಂದಾಗ ಮಗ್ಗುಲಾಗಿ ಮಲಗಿ ನೋಡಿದ್ದೆ, ನೆನಪಿರಬೇಕು. ಅಮೆರಿಕದ ಅಲಬಾಮಾ ನದಿ ಸುತ್ತಿ ತಿರುಗುವ ಜಾಗದಲ್ಲಿ, ಮೂರು ಕಡೆ ನೀರು ಇಟ್ಟುಕೊಂಡಿರುವ ಊರು ಅದು. ಪೆಟ್‌ವೇ ಅನ್ನುವ ಹತ್ತಿ ತೋಟದ ಧಣಿಯ ಗುಲಾಮರಾಗಿದ್ದವರ ವಂಶದವರೇ ಹೆಚ್ಚು. ಈಗಲೂ ಅಲ್ಲಿ ಬಹಳ ಮಂದಿಯ ಅಡ್ಡಹೆಸರು ಪೆಟ್‌ವೇ. ಗಾಳಿ ನುಗ್ಗುವ ಹಲಗೆಮನೆಗಳು, ಚಳಿ, ಬಡತನ. ಹೊಲದಲ್ಲಿ ಉಟ್ಟು ಸವೆದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲ, ಇವೇ ಅವರ ಬಟ್ಟೆ ಅಂಗಡಿ. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಅನ್ನುವಾಕೆ ಗಂಡ ಸತ್ತ ಮೇಲೆ ಅವನ ಕೆಲಸದ ಬಟ್ಟೆಗಳನ್ನೆಲ್ಲ ಬಿಚ್ಚಿ ಒಂದು ಕೌದಿ ಮಾಡಿದಳು. ಮಗಳು ಆರ್ಲೋಂಜಿಯಾ ಪಕ್ಕದಲ್ಲಿದ್ದು ನೆರವಾದಳು. ಬಿಳಚಿಕೊಂಡ ನೀಲಿ ಪಟ್ಟಿ, ಕಂದು, ಬಿಳಿ, ಒಂದಿಷ್ಟು ಕೆಂಪು. ಮೊಣಕಾಲು ಇದ್ದ ಕಡೆ ನೀಲಿ ಬೇರೆ, ಕಿಸೆ ಬಿಚ್ಚಿದ ಕಡೆ ನೀಲಿ ಬೇರೆ. ಆ ನಮೂನೆಯನ್ನು ಯಾವ ಕಾಗದದ ಮೇಲೆ ಯಾರು ಅಚ್ಚು ಹಾಕಬಲ್ಲರು?

ಅದೇ ಪುಸ್ತಕದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕಾರ್ಡುರಾಯ್ ಕೌದಿಗಳು. 1966ರಲ್ಲಿ ಆ ಭಾಗದ ಹೆಂಗಸರು ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಅಂತ ಸಹಕಾರಿ ಸಂಘ ಕಟ್ಟಿದರು. 1972ರಲ್ಲಿ ಸಿಯರ್ಸ್ ಅನ್ನುವ ದೊಡ್ಡ ಅಂಗಡಿಯವರು ಕಾರ್ಡುರಾಯ್ ದಿಂಬಿನ ಚೀಲಗಳನ್ನು ಹೊಲಿಯಲು ಕೊಟ್ಟರು. ಮಿಕ್ಕ ತುಂಡುಗಳು ಮನೆಮನೆಗೆ ಹೋದವು. ಕಾರ್ಡುರಾಯ್ ದಪ್ಪ, ಹಟಮಾರಿ. ಸಣ್ಣ ತ್ರಿಕೋನ ಕತ್ತರಿಸಿ ಕೂಡಿಸಲು ಬಗ್ಗುವುದಿಲ್ಲ. ಹಾಗಾಗಿ ಆ ವರ್ಷಗಳ ಕೌದಿಗಳಲ್ಲಿ ಅಗಲ ಅಗಲ ಪಟ್ಟಿಗಳು, ದೊಡ್ಡ ದೊಡ್ಡ ಚೌಕಗಳು ಬಂದವು. ಬಟ್ಟೆ ‘ಆಗುವುದಿಲ್ಲ’ ಅಂತ ಹೇಳಿದ್ದರಿಂದ ಒಂದು ಹೊಸ ರೂಪ ಹುಟ್ಟಿತು. 2002ರಲ್ಲಿ ಈ ಕೌದಿಗಳನ್ನು ಹ್ಯೂಸ್ಟನ್ನಿನಲ್ಲೂ ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲೂ ಗೋಡೆಗೆ ತೂಗುಹಾಕಿದರು. ವಿಮರ್ಶಕರು ಚಿತ್ರಕಾರ ಮಟೀಸ್ ಅಂದರು, ಕ್ಲೇ ಅಂದರು, ಕೌದಿಗಳು 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಮಟೀಸನ ಹೆಸರು ತೆಗೆಯದೆ ಒಂದು ಕೌದಿಯನ್ನು ಹೊಗಳಲು ಬರುವುದಿಲ್ಲವೋ ಏನೋ ಆ ಜನಕ್ಕೆ. ಇರಲಿ.

ಅಷ್ಟು ದೂರ ಯಾಕೆ, ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವುದನ್ನು ನಾನು ಕೂತು ನೋಡಿದ್ದೇನೆ. ಅವರದು ಇನ್ನೊಂದೇ ರೀತಿ. ನೀನು ಮೇಲ್ಪದರವನ್ನು ಬೇರೆ ಹೊಲಿದು, ಆಮೇಲೆ ಕೆಳಗಿನ ಪದರಿಗೆ ಹಚ್ಚಬೇಕು ಅಂದುಕೊಂಡಿದ್ದೀ. ಅವರು ಹಾಗೆ ಮಾಡುವುದೇ ಇಲ್ಲ. ಕೆಳಗೆ ಒಂದು ಹಳೇ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ಕೈಗೆ ಸಿಕ್ಕ ತುಂಡಿನ ಅಂಚು ಒಳಗೆ ಮಡಚಿ, ಅಂಚಿನ ಗುಂಟ ಓಡುಹೊಲಿಗೆ ಹಾಕುತ್ತ ಹೋಗುತ್ತಾರೆ. ಒಂದು ತುಂಡು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಅದರ ಪಕ್ಕ ಸೇರಿಸುತ್ತಾರೆ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಒಳಗಿನ ಸುತ್ತು, ಅದರ ಒಳಗಿನ ಸುತ್ತು, ಹೀಗೆ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತಾರೆ. ತುಂಡು ಹಚ್ಚುವುದು, ಪದರು ಕೂಡಿಸುವುದು, ಅಂದ ಮಾಡುವುದು ಮೂರೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಣ್ಣಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲಾ’ ಹಚ್ಚುತ್ತಾರೆ. ಅದಿಲ್ಲದ ಕೌದಿಗೆ ಮೈಮೇಲೆ ಬಟ್ಟೆಯಿಲ್ಲದ ಹಾಗೆ ಅಂತ ಅವರ ಲೆಕ್ಕ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂಆಲ್ ಅನ್ನುವ ಕಲಾ ಇತಿಹಾಸಕಾರರು ಇವರ ಜೊತೆ ಬಹಳ ಕೆಲಸ ಮಾಡಿದ್ದಾರೆ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್ಮಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಸಿದ್ದಿಯರ ಹಿರಿಯರೂ ಜೀಸ್ ಬೆಂಡಿನವರ ಹಿರಿಯರೂ ಆಫ್ರಿಕದಿಂದ ಬಂದವರು, ಹಾಗಾಗಿ ಕೈಗೆ ಅದೇ ನೆನಪು ಅಂತ ಹೇಳುವವರಿದ್ದಾರೆ. ಇರಬಹುದು. ನಾನು ಅಷ್ಟು ದೂರ ಹೋಗುವುದಿಲ್ಲ. ಹಳೇ ಬಟ್ಟೆ, ಕಡಿಮೆ ದುಡ್ಡು, ಚಳಿ ಈ ಮೂರೂ ಕೂಡಿದ ಕಡೆಯಲ್ಲಿ ಹೆಂಗಸರ ಕೈ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. ನಮ್ಮ ಅವ್ವ ಆಫ್ರಿಕ ಕಂಡವಳಲ್ಲ, ಅವಳೂ ಹಾಗೇ ಹೊಲಿದಳು.

ಇವರೆಲ್ಲ ಮನಸ್ಸಿಗೆ ಬಂದಂತೆ ಹೊಲಿಯುತ್ತಾರೆ ಅಂತ ಮಾತ್ರ ತಿಳಿಯಬೇಡ. ಜೀಸ್ ಬೆಂಡಿನಲ್ಲಿ ‘ಹೌಸ್‌ಟಾಪ್’ ಅನ್ನುವ ಬಗೆ ಇದೆ, ನಡುವೆ ಒಂದು ಚೌಕ, ಸುತ್ತ ಪಟ್ಟಿ, ಮತ್ತೆ ಸುತ್ತ ಪಟ್ಟಿ. ಅಲ್ಲಿ ನಡುವಿನಿಂದ ಹೊರಗೆ ಬೆಳೆಯಬೇಕು ಅನ್ನುವುದೇ ಕಟ್ಟಳೆ. ಸಿದ್ದಿಯರಲ್ಲಿ ಹೊರಗಿನಿಂದ ಒಳಗೆ ಬರಬೇಕು. ಇಂಥ ಒಂದು ಕಟ್ಟಳೆ ಹಾಕಿಕೊಂಡರು, ಉಳಿದದ್ದನ್ನು ಬಟ್ಟೆಗೆ ಬಿಟ್ಟರು. ನನಗೆ ತಿಳಿದ ಮಟ್ಟಿಗೆ ಕೌದಿಯ ವಿನ್ಯಾಸದ ಗುಟ್ಟು ಇಷ್ಟೇ, ಸುಮಾ. ಕಟ್ಟಳೆ ಒಂದೂ ಇಲ್ಲದಿದ್ದರೆ ಚಿಂದಿ ಚಿಂದಿಯಾಗಿಯೇ ಉಳಿಯುತ್ತದೆ. ಹತ್ತು ಕಟ್ಟಳೆ ಹಾಕಿದರೆ ನೀನು ತರಿಸಿದಂಥ ಪ್ಯಾಟರ್ನು ಆಗುತ್ತದೆ. ಒಂದು ಕಟ್ಟಳೆ, ಅದೂ ನಿನ್ನದೇ, ಇರಬೇಕು. ಬಟ್ಟೆ ಕಡಿಮೆ ಬಿದ್ದಾಗ ಅದನ್ನು ಮುರಿಯುವ ಧೈರ್ಯವೂ ಇರಬೇಕು.

ನಮ್ಮ ದೊಡ್ಡ ಕೌದಿ ನೆನಪಿದೆಯಾ? ಮೂರು ಕಡೆ ಕೆಂಪು ಅಂಚು, ನಾಲ್ಕನೆಯ ಕಡೆ ಅರ್ಧದಿಂದ ಮುಂದೆ ಕುಬುಸದ ಖಣದ ತುಂಡುಗಳು. ಕೆಂಪು ತೀರಿಹೋಯಿತು, ಅಷ್ಟೇ. ಚಿಗವ್ವ ನೋಡಿ, “ಯಕ್ಕಾ, ಇದೊಂದು ಕಡೆ ಯಾಕ ಹಿಂಗ?” ಅಂದದ್ದಕ್ಕೆ ಅವ್ವ, “ಅದು ಕಾಲ ಕಡೆ ಅಂತ ಗೊತ್ತಾಗ್ಲಿ ಅಂತ ಮಾಡೇನಿ” ಅಂದಳು. ಆಮೇಲೆ ಅದು ನಿಜವೇ ಆಗಿಬಿಟ್ಟಿತು, ನಾವು ನಿದ್ದೆಗಣ್ಣಲ್ಲೂ ಖಣ ಕಾಲಿಗೆ ಬರುವ ಹಾಗೆ ಹೊದೆಯುತ್ತಿದ್ದೆವು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವ ಗಾದೆ ಕಟ್ಟಿದವನು ಕೌದಿ ಹೊಲಿದವನಲ್ಲ. ಅವ್ವ ಅಣ್ಣನ ಕಾಲು ಬೆಳೆದಾಗಲೆಲ್ಲ ಒಂದು ಪಟ್ಟಿ ಹಚ್ಚುತ್ತಿದ್ದಳು.

ಈಗ ನಿನ್ನ ಕೆಲಸಕ್ಕೆ ಬರೋಣ. ಟ್ರಂಕಿನಲ್ಲಿರುವುದನ್ನೆಲ್ಲ ತೆಗೆದು ಕಿಟಕಿಯ ಬೆಳಕಿಗೆ ಹಿಡಿ. ಆಚೆಯ ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಆ ಭಾಗ ಮೇಲ್ಪದರಕ್ಕೆ ಬೇಡ, ಒಳಪದರಕ್ಕೆ ಇರಲಿ. ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೂತೇಳುವ ಕಡೆ ಬೇಗ ಹೋಗುತ್ತದೆ, ಸೆರಗಿನ ಒಳಭಾಗ ಗಟ್ಟಿ ಇರುತ್ತದೆ. ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಎಳೆದು ನೋಡು. ಹಾಸಿನ ಗುಂಟ ಎಳೆದರೆ ಬಟ್ಟೆ ನಿಲ್ಲುತ್ತದೆ, ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಕೌದಿಯ ಹೊರ ಅಂಚಿಗೆ ಓರೆ ಬರುವ ಹಾಗೆ ಎಂದೂ ಕತ್ತರಿಸಬೇಡ, ಅಲೆ ಅಲೆಯಾಗುತ್ತದೆ. ಇಳಕಲ್ಲಿನ ಅಂಚು ರೇಷ್ಮೆ, ಒಡಲು ಹತ್ತಿ. ಎರಡೂ ತೊಳೆದಾಗ ಬೇರೆ ಬೇರೆ ನಡೆ ನಡೆಯುತ್ತವೆ, ಅಂಚನ್ನು ಬಿಡಿಸಿ ಬೇರೆ ಇಡು. ಅವ್ವನ ಸೀರೆಯ ತೋಪು ತೆನಿ ಸೆರಗು ಮಾತ್ರ ಕತ್ತರಿಸಬೇಡ. ಕೊಂಡಿ ಹಾಕಿ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸಿದ ಜಾಗ ಅದು, ಒಂದೊಂದೇ ಎಳೆ ಕೈಯಿಂದ ಸೇರಿಸಿದ್ದು. ಅದಕ್ಕೆ ಕತ್ತರಿ ಹಾಕಲು ನನಗೆ ಮನಸ್ಸಾಗುವುದಿಲ್ಲ. ನಿನಗೆ ಆಗುವುದಾದರೆ ನನಗೆ ಹೇಳಬೇಡ.

ಅಳತೆ ಮೂರಡಿಗೆ ನಾಲ್ಕಡಿ ಸಾಕು. 36ಕ್ಕೆ 48 ಅಂದರೆ ಒಂದೊಂದಡಿಯ ಹನ್ನೆರಡು ಚೌಕ, ಮೂರು ಸಾಲು, ಸಾಲಿಗೆ ನಾಲ್ಕು. ಹೌಸ್‌ಟಾಪ್ ರೀತಿ ಮಾಡು, ನಿನ್ನ ಕೈಗೆ ಅದು ಬೇಗ ಕೂಡುತ್ತದೆ. ಚೌಕದ ಕಾಗದ ತೆಗೆದುಕೋ. ಅಂಗಡಿಯ ಗ್ರಾಫ್ ಪುಸ್ತಕ ಬೇಡ, ಮೊಮ್ಮಕ್ಕಳ ಗಣಿತದ ಚೌಕಳಿ ನೋಟ್‌ಬುಕ್ ಸಾಕು. ಒಂದು ಮನೆ ಎರಡು ಇಂಚು ಅಂತ ಇಟ್ಟುಕೋ. ನಡುವೆ 4 ಇಂಚಿನ ಚೌಕ, ಸುತ್ತ 2 ಇಂಚಿನ ಪಟ್ಟಿ ಒಂದು ಸುತ್ತು, ಮತ್ತೊಂದು ಸುತ್ತು. 4 ಇದ್ದದ್ದು 8 ಆಯಿತು, 8 ಇದ್ದದ್ದು 12. ಚೌಕ ಮುಗಿಯಿತು.

ನೀನು ತರಿಸಿದ ಪ್ಯಾಟರ್ನು ಕೈಕೊಡುವ ಜಾಗ ಒಂದಿದೆ. ಅದರ ಅಳತೆಗಳೆಲ್ಲ ಹೊಲಿಗೆಗೆ ಕಾಲು ಇಂಚು ಬಿಟ್ಟು ಹಾಕಿದ ಅಳತೆ. ಹೊಸ ಒತ್ತು ನೇಯ್ಗೆಯ ಬಟ್ಟೆಗೆ ಕಾಲು ಇಂಚು ಸಾಕು. ಅಪ್ಪನ ಧೋತರಕ್ಕೆ ಸಾಲದು, ತೊಳೆದಾಗ ಎಳೆ ಬಿಟ್ಟುಕೊಂಡು ಹೊಲಿಗೆಯೇ ಕಿತ್ತು ಬರುತ್ತದೆ. ಅರ್ಧ ಇಂಚು ಬಿಡು. ಆಗ ನಡುವಿನ ಚೌಕ 5 ಇಂಚು ಕತ್ತರಿಸಬೇಕು, ಪಟ್ಟಿಗಳ ಅಗಲ 3 ಇಂಚು. ಪಟ್ಟಿಗಳನ್ನು ಒಂದರ ಹಿಂದೆ ಒಂದು ಸುತ್ತಿಸಿದರೆ ಉದ್ದ 5, 7, 7, 9, ಆಮೇಲಿನ ಸುತ್ತು 9, 11, 11, 13. ಕೂಡಿಸು, 72. ಹನ್ನೆರಡು ಚೌಕಕ್ಕೆ 864 ಇಂಚು ಪಟ್ಟಿ. ಸೀರೆಯ ಅಂಚು ತೆಗೆದ ಮೇಲೆ ಅಡ್ಡಕ್ಕೆ 44 ಇಂಚು ಸಿಕ್ಕಿತು ಅಂತ ಹಿಡಿ, ಇಪ್ಪತ್ತು ಪಟ್ಟಿ ಬೇಕು. ಇಪ್ಪತ್ತು ಮೂರಲೇ ಅರವತ್ತು. ಅಂದರೆ ಎಲ್ಲ ಬಣ್ಣ ಕೂಡಿ ಸೀರೆಯ ಉದ್ದದಲ್ಲಿ ಐದಡಿ ಬಟ್ಟೆ! ಕತ್ತರಿಸುವಾಗ ಹಾಳಾಗುವುದಕ್ಕೆ ಇನ್ನೊಂದಡಿ ಸೇರಿಸು. ನೀನು ಇದಕ್ಕೋಸ್ಕರ ಅಂಗಡಿ ಅಂಗಡಿ ತಿರುಗುತ್ತಿದ್ದೆ.

ಮುಂದೆ ಎಂದಾದರೂ ತ್ರಿಕೋನ ಮಾಡುವ ಹುಕಿ ಬಂದರೆ ಇದನ್ನೂ ಬರೆದಿಡು. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ತೆಗೆಯುವಾಗ, ಬೇಕಾದ ಅಳತೆಗೆ ಇಂಚಿನ ಎಂಟನೆಯ ಏಳು ಭಾಗ, ಮುಕ್ಕಾಲರ ಮೇಲೆ ಅರೆಕಾಲು, ಕೂಡಿಸು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಯಾಕೆ ಅಂತ ಅವು ಹೇಳುವುದು ಕಡಿಮೆ. ಎರಡು ನೇರ ಬದಿಗೂ ಒಂದು ಓರೆ ಬದಿಗೂ ಹೊಲಿಗೆಯ ಜಾಗ ಬಿಡಬೇಕಲ್ಲ, ಓರೆಯದು ಎರಡರ ವರ್ಗಮೂಲದಷ್ಟು ಹೆಚ್ಚು ತಿನ್ನುತ್ತದೆ. ಎರಡಕ್ಕೆ ಎರಡರ ವರ್ಗಮೂಲ ಕೂಡಿಸಿದರೆ 3.414. ಅದನ್ನು ಕಾಲು ಇಂಚಿನಿಂದ ಗುಣಿಸಿದರೆ 0.85, ಟೇಪಿನಲ್ಲಿ ಅದಕ್ಕೆ ಹತ್ತಿರದ ದೊಡ್ಡ ಗೆರೆ ಎಂಟನೆಯ ಏಳು. ನಿನ್ನದು ಅರ್ಧ ಇಂಚು, ಹಾಗಾಗಿ 1.7 ಬರುತ್ತದೆ. ಒಂದೂಮುಕ್ಕಾಲು ಹಾಕು, ಹೆಚ್ಚಾದದ್ದನ್ನು ಕತ್ತರಿಸಿದರಾಯಿತು. ಹೈಸ್ಕೂಲಿನಲ್ಲಿ ‘ಈ ವರ್ಗಮೂಲ ನಮಗ ಎದಕ್ಕ ಬೇಕ್ರಿ ಟೀಚರ್’ ಅಂತ ಕೇಳುತ್ತಿದ್ದ ಹುಡುಗಿಯರಿಗೆ ನಾನು ಕೌದಿ ತೋರಿಸುತ್ತಿದ್ದೆ. ಕಾರಣ ಗೊತ್ತಿದ್ದವಳು ಅಳತೆ ಬದಲಾಯಿಸಬಲ್ಲಳು. ಅಚ್ಚಾದ ಅಂಕಿಗೆ ಅದು ಆಗುವುದಿಲ್ಲ.

ಬಣ್ಣದ ವಿಷಯ. ಚಿಂತೆ ಮಾಡಬೇಕಾದದ್ದು ಹಸಿರೋ ಕೆಂಪೋ ಅಂತಲ್ಲ, ತಿಳಿಯೋ ಗಾಢವೋ ಅಂತ. ಎಲ್ಲ ಬಟ್ಟೆ ನೆಲದ ಮೇಲೆ ಹರವಿ ಫೋನಿನಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡು. ಹಸಿರು ಮತ್ತು ಕೆಂಪು ಬೇರೆ ಬೇರೆ ಅಂದುಕೊಂಡಿದ್ದವು ಎರಡೂ ಒಂದೇ ಬೂದಿಬಣ್ಣವಾಗಿ ಕೂತರೆ, ಅವನ್ನು ಪಕ್ಕಪಕ್ಕ ಹಚ್ಚಿದಾಗ ದೂರದಿಂದ ಒಂದೇ ತುಂಡಾಗಿ ಕಾಣುತ್ತವೆ. ಪ್ಯಾರಿಸ್ಸಿನ ಗೋಬೆಲಿನ್ ಚಿತ್ರ-ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಅನ್ನುವ ರಸಾಯನ ಶಾಸ್ತ್ರಜ್ಞನ ಹತ್ತಿರ ಕಪ್ಪು ದಾರ ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತಂತೆ. ಪರೀಕ್ಷೆ ಮಾಡಿದರೆ ಬಣ್ಣ ಸರಿಯಾಗಿಯೇ ಇತ್ತು, ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಅದು ಮಂಕಾಗಿ ಕಾಣುತ್ತಿತ್ತು. ಅದರ ಮೇಲೆ 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಅವ್ವ ಗ್ರಂಥ ಬರೆಯಲಿಲ್ಲ. “ಈ ಹಳದಿ ಇಲ್ಲಿ ಕುಂಡ್ರಾಂಗಿಲ್ಲ, ಅಲ್ಲಿ ಒಯ್ದು ಕುಂಡ್ರಸು” ಅನ್ನುತ್ತಿದ್ದಳು.

ಹಾಗಾಗಿ ನಿನ್ನ ಕಟ್ಟಳೆ ಹೀಗಿರಲಿ ಅಂತ ನನ್ನ ಸಲಹೆ. ಪ್ರತಿ ಚೌಕದಲ್ಲೂ ಪಕ್ಕಪಕ್ಕದ ಎರಡು ಬದಿ ಗಾಢ, ಉಳಿದೆರಡು ಬದಿ ತಿಳಿ. ಗಾಢಕ್ಕೆ ಅವ್ವನ ಹಸಿರು, ನಿನ್ನ ಆ ನೇರಳೆ ಸೀರೆ, ಆ ಬೂದುಗಪ್ಪು. ತಿಳಿಗೆ ಅಪ್ಪನ ಧೋತರ, ಕೆನೆ ಬಣ್ಣದ ಸೀರೆ. ನಡುವಿನ ಚೌಕ ಮಾತ್ರ ಖಣ. ಗುಳೇದಗುಡ್ಡದ ಖಣದ ತುಂಡು ನಿನ್ನ ಹತ್ತಿರ ಬಹಳ ಇಲ್ಲ, ಕೂಸಿಗೆ ಕುಂಚಿಗೆ ಹೊಲಿಸಿ ಉಳಿದರೆ ಅದನ್ನು ನಡುವಿಗೆ ಹಾಕು. ಹನ್ನೆರಡಕ್ಕೆ ಸಾಲದಿದ್ದರೆ ಮಿಕ್ಕ ಚೌಕಗಳ ನಡುವಿಗೆ ಏನು ಬರುತ್ತದೆ ಅಂತ ನೀನೇ ನೋಡಿಕೋ. ನಾನು ಹೇಳುವುದಿಲ್ಲ, ಹೇಳಿದರೆ ಅದೂ ಒಂದು ಪ್ಯಾಟರ್ನು ಆಗಿಹೋಗುತ್ತದೆ.

ಹನ್ನೆರಡೂ ಚೌಕ ಮುಗಿದ ಮೇಲೆ ಆತುರದಿಂದ ಕೂಡಿಸಬೇಡ. ಮಂಚದ ಮೇಲೆ ಹಾಸಿ, ಒಂದೊಂದನ್ನೇ ತಿರುಗಿಸುತ್ತ ನೋಡು. ಒಂದು ಬಿಟ್ಟು ಒಂದು ಚೌಕವನ್ನು ತಲೆಕೆಳಗಾಗಿ ತಿರುಗಿಸಿಟ್ಟರೆ ಓರೆ ಸಾಲುಗಳು ಬರುತ್ತವೆ. ನಾಲ್ಕು ಚೌಕಗಳ ಗಾಢ ಮೂಲೆ ಒಂದೆಡೆ ಸೇರಿದರೆ ನಡುವೆ ದೊಡ್ಡದೊಂದು ವಜ್ರದ ಆಕಾರ ಏಳುತ್ತದೆ. ಚೌಕಗಳು ಅವೇ, ಬಟ್ಟೆ ಅದೇ, ಕೌದಿ ಮಾತ್ರ ಬೇರೆಯೇ ಆಗುತ್ತದೆ. ನನಗೆ ಹೊಲಿಗೆಗಿಂತ ಈ ಹೊತ್ತೇ ಹೆಚ್ಚು ಇಷ್ಟ. ರಾತ್ರಿ ಹಾಗೇ ಬಿಟ್ಟು ಮಲಗು. ಬೆಳಿಗ್ಗೆ ಕೋಣೆಗೆ ಕಾಲಿಟ್ಟ ತಕ್ಷಣ ಕಣ್ಣು ಎಲ್ಲಿಗೆ ಓಡುತ್ತದೋ ನೋಡು, ಅಲ್ಲಿಗೆ ಓಡಬಾರದು ಅನ್ನಿಸಿದರೆ ಆ ಚೌಕವನ್ನು ಬದಲಿಸು. ಅಲ್ಲಿಗೇ ಓಡಲಿ ಅನ್ನಿಸಿದರೆ ಹಾಗೇ ಬಿಡು. ನಿಮ್ಮ ಮನೆಯವರನ್ನು ಕೇಳಬೇಡ, ಅವರು ಎಲ್ಲಕ್ಕೂ ‘ಚೆನ್ನಾಗಿದೆ’ ಅನ್ನುತ್ತಾರೆ.

ಸುತ್ತ ಅಂಚು ಹಚ್ಚಬೇಕೆಂದರೆ ಕೌದಿಯ ನಡುವಿನಲ್ಲಿ ಟೇಪು ಹಿಡಿದು ಅಳತೆ ತೆಗೆದುಕೋ, ಬದಿಯಲ್ಲಿ ಅಲ್ಲ. ಹೊಲಿಯುತ್ತ ಹೊಲಿಯುತ್ತ ಬದಿಗಳು ಹಿಗ್ಗಿರುತ್ತವೆ. ಹಿಗ್ಗಿದ ಅಳತೆಗೆ ಅಂಚು ಕತ್ತರಿಸಿದರೆ ಅದು ನೆಲಕ್ಕೆ ಕೂಡುವುದೇ ಇಲ್ಲ.

ಒಳಗೆ ಹತ್ತಿ ತುಂಬಿಸುವುದು, ಅಂಗಡಿಯ ಪಾಲಿಯೆಸ್ಟರ್ ಹಾಳೆ ಎರಡೂ ಬೇಡ. ಧೋತರ ಎರಡು ಪದರು, ಅದರ ಕೆಳಗೆ ಮೆತ್ತಗಿನ ಸೀರೆ. ಕಚ್ಚಾ ಹೊಲಿಗೆ ಹಾಕಿಕೊಂಡು ಆಮೇಲೆ ಅಂಚಿನಿಂದ ಒಳಗೆ ಸುತ್ತುತ್ತ ಬಾ. ಒಂದು ಬೆರಳಿನ ಅಂತರ ಸಾಕು ಸಾಲಿಗೆ. ನಡುವಿನಿಂದಲೇ ಶುರು ಮಾಡಬೇಕು ಅನ್ನುವವರಿದ್ದಾರೆ, ಅದು ದಪ್ಪ ಹತ್ತಿ ಇದ್ದಾಗಿನ ಮಾತು. ಕೌದಿಯ ಬಾಯಿ ಹೊಲಿದು ಮುಚ್ಚುವ ಮೊದಲು ಅವ್ವ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು, ಅದು ಹಸಿದಿರಬಾರದು ಅಂತ. ಮೈಸೂರಿನ ಮನೆಯಲ್ಲಿ ಇರುವೆ ಕಾಟ ಇದೆ ಅಂದರೆ ನಾಲ್ಕು ಕಾಳು ಜೋಳ ಇಡು, ನಡೆಯುತ್ತದೆ. ಮಗಳು ವೈದ್ಯರನ್ನು ಕೇಳಿದರೆ ಎಳೆಗೂಸು ಮಲಗಿದಾಗ ಮೈಮೇಲೆ ಕೌದಿ ಹೊದಿಸಬೇಡಿ ಅನ್ನುತ್ತಾರೆ, ಅದು ಸರಿಯಾದ ಮಾತೇ. ಮೊದಲ ವರ್ಷ ಎಚ್ಚರ ಇದ್ದಾಗ ನೆಲದ ಮೇಲೆ ಹಾಸಿ ಆಡಲು ಬಿಡಲಿ, ಹೊದೆಯುವುದು ಆಮೇಲೆ. ಇದಕ್ಕೆ ನೀನು ಮುಖ ಸಣ್ಣದು ಮಾಡಬೇಡ.

ಅಪ್ಪನ ಧೋತರ ನಿನ್ನ ಹತ್ತಿರ ಇರುವುದು ಸಾಲದಿದ್ದರೆ ನನ್ನ ಹತ್ತಿರ ಇವೆ. ಅಣ್ಣ ಮಾತ್ರ ಒಂದನ್ನು ಪೂಜೆಯ ಕಪಾಟಿನಲ್ಲಿ ಮಡಿಸಿಟ್ಟು ಯಾರಿಗೂ ಮುಟ್ಟಗೊಡುವುದಿಲ್ಲ. ಅವನನ್ನು ಕೇಳಿ ಜಗಳ ತೆಗೆಯಬೇಡ, ನಾನು ಇದನ್ನು ಬೇರೆ ರೀತಿಯಲ್ಲಿ ನೋಡಿಕೊಳ್ಳುತ್ತೇನೆ. ಅವನ ಮೊಮ್ಮಗನಿಗೂ ಒಂದು ಕೌದಿ ಆಗಲಿ ಅಂತ ಹೇಳಿ ನೋಡುತ್ತೇನೆ. ಮುಂದಿನ ವಾರ ಪಕ್ಕದ ಮನೆಯವರು ಮೈಸೂರಿಗೆ ಹೊರಟಿದ್ದಾರೆ, ಒಂದು ಚೀಲ ಕೊಟ್ಟು ಕಳಿಸುತ್ತೇನೆ. ಅದರಲ್ಲಿ ಧೋತರ, ಗಟ್ಟಿ ದಾರದ ಎರಡು ಉಂಡೆ, ಅವ್ವನ ಸೂಜಿ ಡಬ್ಬಿ ಇರುತ್ತದೆ. ಡಬ್ಬಿ ವಾಪಸು ಬೇಕು.

ಚೌಕಳಿ ಕಾಗದದ ಮೇಲೆ ನೀನು ಗೀಚಿದ್ದನ್ನು ಕಳಿಸು. ಸರಿಯಾಗಿದೆಯಾ ಅಂತ ಕೇಳುವುದಕ್ಕಲ್ಲ, ನಾನು ನೋಡಬೇಕು ಅಷ್ಟೇ. ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು.

ನಿನ್ನ,
ಅಕ್ಕ

ತಾ.ಕ.: ಹಚ್ಚುವ ಮೊದಲು ಕೆಂಪು ಬಟ್ಟೆಯ ಮೇಲೆ ಒದ್ದೆ ಬಿಳಿ ಕರವಸ್ತ್ರ ಇಟ್ಟು ಬಿಸಿ ಇಸ್ತ್ರಿ ಒತ್ತು. ಕರವಸ್ತ್ರಕ್ಕೆ ಕೆಂಪು ಹತ್ತಿದರೆ ಆ ಬಟ್ಟೆಯನ್ನು ನೀರು ತಿಳಿಯಾಗುವ ತನಕ ತೊಳೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರ ಮಾತು ಕೇಳಬೇಡ. ನಾಲ್ಕು ಸಲ ತೊಳೆದರೂ ಬಿಡುತ್ತಲೇ ಇದ್ದರೆ ಆ ಕೆಂಪನ್ನು ಧೋತರದ ಪಕ್ಕ ತರಲೇಬೇಡ, ಚೀಲ ಹೊಲಿದುಕೋ.